ಚೈನ್‌ಸಾ ಕೆಲಸ ಮುಗೀತಾ? ಇನ್ನೂ 15 ನಿಮಿಷ ಬಾಕಿ ಇದೆ: ಕ್ಲೀನಿಂಗ್, ಹರಿತ, ಬ್ರೇಕ್

2024ರ ಜೂನ್ 2, ಭಾನುವಾರ. ಬೆಂಗಳೂರಿನವರಿಗೆ ಆ ಸಂಜೆ ಮರೆಯೋಕೆ ಆಗಲ್ಲ. ಒಂದೇ ದಿನ 111.1 ಮಿ.ಮೀ. ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಇದ್ದ ದಾಖಲೆ ಅವತ್ತು ಮುರಿಯಿತು. ನಗರದ ತುಂಬಾ ನೂರಾರು ಮರ, ಕೊಂಬೆ ನೆಲಕ್ಕೆ ಬಿದ್ದವು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಜಯನಗರದಿಂದ ಚಿಕ್ಕಪ್ಪನ ಫೋನು. "ಲೋ, ಕಾಂಪೌಂಡ್ ಒಳಗಿನ ಮೇ ಫ್ಲವರ್ ಮರದ ಕೊಂಬೆ ಮುರ್ಕೊಂಡು ಗೇಟಿಗೆ ಅಡ್ಡ ಬಿದ್ದೈತೆ. ಕಾರ್ ಆಚೆ ತೆಗಿಯಕ್ಕೆ ಆಗ್ತಿಲ್ಲ. ನಿನ್ ತೋಟದ್ ಮಿಷಿನ್ ತಗೊಂಡ್ ಬಾ."

ನಮ್ಮ ತೋಟ ಇರೋದು ಕನಕಪುರ ರಸ್ತೆಯಲ್ಲಿ. ಮಾವು, ಸಪೋಟ, ಬದುವಿನ ಮೇಲೆ ಗೊಬ್ಬರದ ಗಿಡ, ಸಿಲ್ವರ್ ಓಕ್. ಫೆಬ್ರವರಿಯಲ್ಲಿ ಗೊಬ್ಬರದ ಗಿಡ ಸವರಿ, ಮಲ್ಚಿಂಗ್‌ಗೆ ಹಾಕಿ, ಚೈನ್‌ಸಾವನ್ನು ಹಾಗೇ ತಗೊಂಡು ಹೋಗಿ ಸ್ಟೋರ್ ರೂಮಿನ ಮೂಲೆಗೆ ಇಟ್ಟಿದ್ದೆ. ಹಾಗೇ ಅಂದ್ರೆ ಹಾಗೇ. ಟ್ಯಾಂಕಲ್ಲಿ ಅರ್ಧ ಪೆಟ್ರೋಲು, ಕವರ್ ಒಳಗೆ ಹೊಟ್ಟು, ಬಾರ್ ಮೇಲೆ ಒಣಗಿದ ಅಂಟು. "ನಾಳೆ ಕ್ಲೀನ್ ಮಾಡಿದರಾಯ್ತು" ಅಂದುಕೊಂಡಿದ್ದೆ. ಆ ನಾಳೆ ನಾಲ್ಕು ತಿಂಗಳಾದರೂ ಬಂದಿರಲಿಲ್ಲ.

ಜಯನಗರಕ್ಕೆ ಹೋಗಿ ಸ್ಟಾರ್ಟ್ ಮಾಡೋಕೆ ಇಪ್ಪತ್ತು ಸಲ ಹಗ್ಗ ಎಳೆದೆ. ಪ್ಲಗ್ ಬಿಚ್ಚಿ ಒರೆಸಿದ ಮೇಲೆ ಹೇಗೋ ಹತ್ತಿಕೊಂಡಿತು. ಕೊಯ್ಯೋಕೆ ಶುರು ಮಾಡಿದರೆ ಚಕ್ಕೆ ಬೀಳ್ತಿಲ್ಲ, ರಾಗಿ ಹಿಟ್ಟಿನ ಥರ ಪುಡಿ ಬೀಳ್ತಿದೆ. ಒತ್ತಿ ಒತ್ತಿ ಕೈ ಸೋತಿತು. ಚಿಕ್ಕಪ್ಪನ ಮಗ, 22 ವರ್ಷದ ಹುಡುಗ, "ಅಣ್ಣಾ, ಕೊಡು ಇಲ್ಲಿ, ನಾನ್ ಮಾಡ್ತೀನಿ" ಅಂದ. ಕೊಟ್ಟೆ.

ಎಲೆಗಳ ಒಳಗೆ ಅಡಗಿದ್ದ ಇನ್ನೊಂದು ರೆಂಬೆಗೆ ಬಾರ್‌ನ ಮೂತಿ ತಗುಲಿತು. ಸಾ ಒಂದೇ ಏಟಿಗೆ ಮೇಲಕ್ಕೆ ಹಾರಿ ಅವನ ಕಡೆ ತಿರುಗಿತು. ಅವನ ಕೈ ಮುಂದಿನ ಗಾರ್ಡಿಗೆ ಬಡಿಯಿತು, ಗಾರ್ಡ್ ಮುಂದಕ್ಕೂ ಹೋಯಿತು. ಆದರೆ ಚೈನ್ ನಿಲ್ಲಲಿಲ್ಲ. ಎಡ ಮುಂಗೈ ಮೇಲೆ ಒಂಬತ್ತು ಹೊಲಿಗೆ. ಒಂದು ಗೇಣು ಮೇಲಕ್ಕೆ ಬಂದಿದ್ದರೆ ಏನಾಗ್ತಿತ್ತು ಅಂತ ನಾನು ಬರೆಯಲ್ಲ, ನಿಮಗೇ ಗೊತ್ತಾಗುತ್ತೆ. ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ವಾರ ಬನಶಂಕರಿ ಕಡೆ ಒಂದು ಸಣ್ಣ ರಿಪೇರಿ ಅಂಗಡಿಗೆ ಮಿಷಿನ್ ಒಯ್ದೆ. ಮೇಸ್ತ್ರಿ ಪಕ್ಕದ ಕವರ್ ಬಿಚ್ಚಿ ಸುಮ್ಮನೆ ನನ್ನ ಮುಖ ನೋಡಿದರು. "ಏನ್ ಸಾರ್ ಇದು, ಮಿಷಿನ್ನಾ, ಹಕ್ಕಿ ಗೂಡಾ?" ಅಂದರು. ಬ್ರೇಕ್ ಪಟ್ಟಿಯ ಸುತ್ತ ಆಯಿಲ್ ಕುಡಿದ ಹೊಟ್ಟು ಕಂಬಳಿ ಥರ ಗಟ್ಟಿಯಾಗಿ ಕೂತಿತ್ತು. ಪಟ್ಟಿ ಡ್ರಮ್ಮನ್ನು ಹಿಡಿಯೋಕೆ ಜಾಗವೇ ಇರಲಿಲ್ಲ. "ಬ್ರೇಕ್ ಕೆಟ್ಟಿಲ್ಲ ಸಾರ್. ನೀವು ಅದರ ಕೈ ಕಟ್ಟಾಕಿದ್ದೀರ" ಅಂದರು.

ತೋಟಗಾರಿಕೆ ಓದಿದವನು ನಾನು. ಮರದ ಬಗ್ಗೆ ನಾಲ್ಕು ವರ್ಷ ಓದಿದ್ದೆ, ಮರ ಕೊಯ್ಯುವ ಮಿಷಿನ್ ಬಗ್ಗೆ ನಾಲ್ಕು ಪುಟವನ್ನೂ ಓದಿರಲಿಲ್ಲ. ಈ ವಾರದ ಲೇಖನ ಅದಕ್ಕೇ. ಮಳೆಗಾಲಕ್ಕೆ ಮುಂಚೆ ಒಮ್ಮೆ ಓದಿ, ಫೋನಲ್ಲಿ ಸೇವ್ ಮಾಡಿಕೊಳ್ಳಿ.

ಒಂದು ಹುಳದಿಂದ ಬಂದ ಚೈನ್

ಕ್ಲೀನಿಂಗ್‌ಗೆ ಹೋಗುವ ಮುಂಚೆ ಒಂದು ಸಣ್ಣ ಕಥೆ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವನು ಒಂದು ಮರದ ಮೋಟಿನಲ್ಲಿ ಕಾಂಡ ಕೊರೆಯುವ ದುಂಬಿಯ ಮರಿಹುಳವನ್ನು ನೋಡಿದ. ಅದು ಮರದ ನಾರಿನ ಉದ್ದಕ್ಕೂ, ಅಡ್ಡಕ್ಕೂ ಸಲೀಸಾಗಿ ತಿಂದುಕೊಂಡು ಹೋಗ್ತಿತ್ತು. ಅದರ ದವಡೆ ಎಡಕ್ಕೊಂದು, ಬಲಕ್ಕೊಂದು, ಬಾಗಿದ ಕುಡುಗೋಲಿನ ಥರ. ಅದನ್ನೇ ನೋಡಿ ಅವನು ಎಡ ಹಲ್ಲು, ಬಲ ಹಲ್ಲು ಇರುವ ಚೈನ್ ಮಾಡಿದ. 1947ರಲ್ಲಿ ಕಂಪನಿಯೂ ಶುರುವಾಯಿತು. ಇವತ್ತು ನಿಮ್ಮ ಸಾದಲ್ಲಿ ಇರುವ ಚೈನ್ ಆ ಚೈನಿನ ಮೊಮ್ಮಗ.

ನಮ್ಮ ಮಾವಿನ ಮರಕ್ಕೆ ಕಾಂಡ ಕೊರಕ ಬಿದ್ದಾಗ ನಾವು ಶಾಪ ಹಾಕ್ತೀವಿ. ಆದರೆ ಒಂದು ಮಾತು ನೆನಪಿಡಿ: ಹುಳದ ದವಡೆ ಯಾವಾಗಲೂ ಹರಿತವಾಗಿ, ಚೊಕ್ಕಟವಾಗಿ ಇರುತ್ತೆ. ನಮ್ಮ ಚೈನಿಗೆ ಆ ಕೆಲಸ ನಾವೇ ಮಾಡಬೇಕು. ಫುಲ್ ಥ್ರಾಟಲ್‌ನಲ್ಲಿ ಈ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ. ಅಂದರೆ ಗಂಟೆಗೆ 70 ಕಿ.ಮೀ.ಗಿಂತ ಜಾಸ್ತಿ. ಕನಕಪುರ ರಸ್ತೆಯಲ್ಲಿ ನಿಮ್ಮ ಬೈಕ್ ಆ ಸ್ಪೀಡಲ್ಲಿ ಓಡುವಾಗ ಬ್ರೇಕ್ ಇಲ್ಲ ಅಂದರೆ ಹೇಗಿರುತ್ತೆ, ಯೋಚನೆ ಮಾಡಿ.

ಏನೇನು ಬೇಕು?

ದೊಡ್ಡ ಖರ್ಚು ಏನೂ ಇಲ್ಲ. ಮಿಷಿನ್ ಜೊತೆ ಬಂದ ಸ್ಪ್ಯಾನರ್, ಹಳೇ ಟೂತ್ ಬ್ರಷ್, ಒಂದು ಇಂಚಿನ ಪೇಂಟ್ ಬ್ರಷ್, ಹತ್ತಿ ಬಟ್ಟೆ, ದಪ್ಪ ಗ್ಲೌಸು, ಚೈನಿನ ಅಳತೆಗೆ ಸರಿಯಾದ ಉರುಟು ಅರ, ಒಂದು ಚಪ್ಪಟೆ ಅರ, ಬಾರ್ ಗಾಡಿ ಕ್ಲೀನ್ ಮಾಡೋಕೆ ತೆಳುವಾದ ತಗಡಿನ ತುಂಡು. ಇಷ್ಟು ಒಂದು ಹಳೇ ಡಬ್ಬದಲ್ಲಿ ಹಾಕಿ ಸಾ ಪಕ್ಕದಲ್ಲೇ ಇಡಿ. ಹುಡುಕಬೇಕಾಗಿ ಬಂದರೆ ಮಾಡಲ್ಲ, ನನ್ನ ಅನುಭವ.

ಮೊದಲ ನಿಯಮ: ಇಂಜಿನ್ ಆಫ್ ಆಗಿ ತಣ್ಣಗಾಗಿರಬೇಕು. ಪೆಟ್ರೋಲ್ ಸಾ ಆದರೆ ಪ್ಲಗ್‌ನ ಕ್ಯಾಪ್ ಕಿತ್ತುಹಾಕಿ. ಬ್ಯಾಟರಿ ಸಾ ಆದರೆ ಬ್ಯಾಟರಿ ಹೊರಗೆ ತೆಗೆಯಿರಿ. ಟೆರೇಸ್ ಗಾರ್ಡನ್‌ನವರು, ಅಪಾರ್ಟ್‌ಮೆಂಟಿನವರು ಈಗ ಸಣ್ಣ ಬ್ಯಾಟರಿ ಸಾ ತಗೊಳ್ತಿದ್ದಾರೆ. "ಇದು ಆಟಿಕೆ" ಅಂತ ಬ್ಯಾಟರಿ ಹಾಕಿಕೊಂಡೇ ಚೈನ್ ಒರೆಸೋದನ್ನು ನೋಡಿದ್ದೀನಿ. ದಯವಿಟ್ಟು ಬೇಡ.

ಹಂತ 1: ಕವರ್ ಬಿಚ್ಚಿ, ಹೊಟ್ಟು ತೆಗೆಯಿರಿ

ಬಿಚ್ಚುವ ಮುಂಚೆ ಚೈನ್ ಬ್ರೇಕನ್ನು ಬಿಡುಗಡೆ ಸ್ಥಿತಿಗೆ ತನ್ನಿ, ಅಂದರೆ ಮುಂದಿನ ಗಾರ್ಡನ್ನು ನಿಮ್ಮ ಕಡೆಗೆ ಎಳೆದು ಕ್ಲಿಕ್ ಅನ್ನಿಸಿ. ಕೆಲವು ಮಾಡೆಲ್‌ಗಳಲ್ಲಿ ಬ್ರೇಕ್ ಇರೋದೇ ಕವರ್ ಒಳಗೆ. ಬ್ರೇಕ್ ಹಾಕಿಕೊಂಡೇ ಕವರ್ ಕಿತ್ತರೆ ವಾಪಸ್ ಕೂರಿಸೋಕೆ ಒದ್ದಾಡಬೇಕು.

ಕವರ್ ತೆಗೆದ ಮೇಲೆ ಚೈನ್, ಬಾರ್ ಎರಡನ್ನೂ ಹೊರಗಿಡಿ. ಈಗ ಕಾಣೋ ಕಪ್ಪು ಹೊಟ್ಟನ್ನು ಪೇಂಟ್ ಬ್ರಷ್‌ನಿಂದ ಹೊರಗೆ ತಳ್ಳಿ. ಕವರ್ ಒಳಗೆ, ಸ್ಪ್ರಾಕೆಟ್ ಸುತ್ತ, ಬ್ರೇಕ್ ಪಟ್ಟಿಯ ಸಂದಿಯಲ್ಲಿ, ಚೈನ್ ಹಿಡಿಯೋ ಸಣ್ಣ ಕೊಕ್ಕೆಯ ಹತ್ತಿರ ಎಲ್ಲಾ ಕಡೆ ನೋಡಿ. ಗಟ್ಟಿಯಾಗಿದ್ದರೆ ಮರದ ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಆಯಿಲ್ ಪೈಪಿಗೆ ಏಟು ಬೀಳುತ್ತೆ. ಬ್ರೇಕ್ ಪಟ್ಟಿಗೆ ಗ್ರೀಸ್, ಆಯಿಲ್ ಯಾವುದನ್ನೂ ಹಚ್ಚಬೇಡಿ. ಬೈಕಿನ ಬ್ರೇಕ್ ಶೂಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?

ಸ್ಪ್ರಾಕೆಟ್ ಹಲ್ಲಿನ ಮೇಲೆ ಚೈನ್ ಓಡಿದ ಗುರುತು ಇರುತ್ತೆ. ಆ ತಗ್ಗು ಅರ್ಧ ಮಿ.ಮೀ. ದಾಟಿದ್ದರೆ ಸ್ಪ್ರಾಕೆಟ್ ಬದಲಿಸುವ ಟೈಮ್ ಬಂದಿದೆ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಚೈನೂ ಬೇಗ ಹಾಳು.

ಹಂತ 2: ಬಾರ್

ಬಾರ್‌ನ ಅಂಚಿನಲ್ಲಿ ಚೈನ್ ಓಡುವ ಗಾಡಿ ಇದೆಯಲ್ಲ, ಅದರಲ್ಲಿ ಹೊಟ್ಟು ಕಟ್ಟಿಕೊಂಡರೆ ಆಯಿಲ್ ಮುಂದಕ್ಕೆ ಹೋಗಲ್ಲ. ತಗಡಿನ ತುಂಡಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಪೂರ್ತಿ ಖಾಲಿ ಮಾಡಿ. ಬಾರ್‌ನ ಹಿಂಭಾಗದಲ್ಲಿ ಆಯಿಲ್ ಒಳಗೆ ಬರೋ ಸಣ್ಣ ತೂತು ಇರುತ್ತೆ. ತಂತಿಯಿಂದ ಅದನ್ನು ಬಿಡಿಸಿ. ಬಹಳ ಸಲ "ಆಯಿಲ್ ಪಂಪ್ ಹೋಗಿದೆ" ಅಂತ ಅಂಗಡಿಗೆ ಬರೋ ಮಿಷಿನ್‌ಗಳಲ್ಲಿ ಹೋಗಿರೋದು ಪಂಪ್ ಅಲ್ಲ, ಮುಚ್ಚಿರೋದು ಈ ತೂತು.

ಬೆರಳನ್ನು ಬಾರ್ ಅಂಚಿನ ಮೇಲೆ ಗ್ಲೌಸ್ ಹಾಕಿಕೊಂಡು ಓಡಿಸಿ. ಚೂಪಾದ ತಗಡಿನ ಏಣು ಎದ್ದಿದ್ದರೆ ಚಪ್ಪಟೆ ಅರದಿಂದ ಉಜ್ಜಿ ಸಮ ಮಾಡಿ. ಮೂತಿಯ ಚಕ್ರ ಸಲೀಸಾಗಿ ತಿರುಗುತ್ತಾ ನೋಡಿ. ವಾಪಸ್ ಹಾಕುವಾಗ ಬಾರನ್ನು ತಲೆಕೆಳಗು ಮಾಡಿ ಹಾಕಿ. ನಾವು ಹೆಚ್ಚಾಗಿ ಕೆಳಭಾಗದಿಂದಲೇ ಕೊಯ್ಯೋದು, ಆ ಕಡೆಯೇ ಬೇಗ ಸವೆಯುತ್ತೆ. ಪ್ರತಿ ಸಲ ತಿರುಗಿಸಿದರೆ ಎರಡೂ ಕಡೆ ಸಮವಾಗಿ ಸವೆದು ಬಾರ್ ಹೆಚ್ಚು ಕಾಲ ಬಾಳುತ್ತೆ.

ಹಂತ 3: ಏರ್ ಫಿಲ್ಟರ್

ಏರ್ ಫಿಲ್ಟರ್ ತೆಗೆಯುವ ಮುಂಚೆ ಚೋಕ್ ಮುಚ್ಚಿ. ಇಲ್ಲದಿದ್ದರೆ ಫಿಲ್ಟರ್ ಸುತ್ತ ಕೂತಿರುವ ಪುಡಿ ಸೀದಾ ಕಾರ್ಬೊರೇಟರ್ ಒಳಗೆ ಬೀಳುತ್ತೆ. ಮೊದಲು ಫಿಲ್ಟರ್ ಸುತ್ತ ಬ್ರಷ್ ಮಾಡಿ, ಆಮೇಲೆ ಕೀಳಿ. ಅಂಗೈ ಮೇಲೆ ಮೆಲ್ಲಗೆ ತಟ್ಟಿ. ಗಾಳಿ ಹೊಡೆಯೋದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಪ್ರೆಷರ್‌ನಲ್ಲಿ. ನೈಲಾನ್ ಜಾಲರಿಯ ಫಿಲ್ಟರ್ ಆದರೆ ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಮಾತ್ರ ಹಾಕಬೇಕು. ಬೇರೆ ಥರದ್ದಾದರೆ ಮ್ಯಾನ್ಯುಯಲ್ ನೋಡಿ. ಹರಿದಿದ್ದರೆ ಮುಲಾಜಿಲ್ಲದೆ ಹೊಸದು.

ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್‌ಗೆ ಗಾಳಿ ಸಾಲಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಹೊಗೆ ಬರುತ್ತೆ, ಪ್ಲಗ್ ಕಪ್ಪಾಗುತ್ತೆ. ಅಲ್ಲಿಗೆ ನಾವು ಕಾರ್ಬೊರೇಟರ್ ಸ್ಕ್ರೂ ತಿರುಗಿಸೋಕೆ ಶುರು ಮಾಡ್ತೀವಿ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಇದೇ ಕೈಯಲ್ಲಿ ಸ್ಟಾರ್ಟರ್ ಕಡೆಯ ಗಾಳಿ ಕಿಂಡಿಗಳನ್ನೂ, ಸಿಲಿಂಡರಿನ ತಗಡಿನ ರೆಕ್ಕೆಗಳ ಸಂದಿಯನ್ನೂ ಬ್ರಷ್ ಮಾಡಿ. ಇಂಜಿನ್ ತಣ್ಣಗಾಗೋದು ಇಲ್ಲಿ ಹರಿಯುವ ಗಾಳಿಯಿಂದ. ಹೊಟ್ಟು ತುಂಬಿದರೆ ಬಿಸಿ ಹೊರಗೆ ಹೋಗಲ್ಲ, ಪಿಸ್ಟನ್ ಜಾಮ್ ಆಗುತ್ತೆ.

ಹಂತ 4: ಪ್ಲಗ್

ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ನೋಡಿ. ಅದು ಇಂಜಿನ್‌ನ ನಾಲಿಗೆ ಇದ್ದ ಹಾಗೆ, ಡಾಕ್ಟರ್ ನಾಲಿಗೆ ನೋಡಲ್ವಾ, ಹಾಗೆ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಕಪ್ಪು ಮಸಿ ಇದ್ದರೆ ಫಿಲ್ಟರ್ ಕಟ್ಟಿದೆ ಅಥವಾ 2ಟಿ ಆಯಿಲ್ ಜಾಸ್ತಿಯಾಗಿದೆ. ಬೆಳ್ಳಗೆ ಸುಟ್ಟ ಹಾಗಿದ್ದರೆ ಇಂಜಿನ್ ವಿಪರೀತ ಬಿಸಿಯಾಗ್ತಿದೆ, ಓಡಿಸೋದು ನಿಲ್ಲಿಸಿ ಮೇಸ್ತ್ರಿಗೆ ತೋರಿಸಿ. ಬಹುತೇಕ ಚೈನ್‌ಸಾಗಳಲ್ಲಿ ಪ್ಲಗ್ ಗ್ಯಾಪ್ 0.5 ಮಿ.ಮೀ. ಇರಬೇಕು.

ಹಂತ 5: ಚೈನ್ ಹರಿತ

ಚೈನ್ ಮೊಂಡಾಗಿದೆ ಅಂತ ಗೊತ್ತಾಗೋದು ಹೇಗೆ? ಚಕ್ಕೆ ಬದಲು ಪುಡಿ ಬೀಳುತ್ತೆ. ಒತ್ತಿದರೆ ಮಾತ್ರ ಕೊಯ್ಯುತ್ತೆ. ಆಯಿಲ್ ಇದ್ದರೂ ಹೊಗೆ ಬರುತ್ತೆ. ಕೊಯ್ತ ಒಂದು ಕಡೆಗೆ ಎಳೆಯುತ್ತೆ. ಇದರಲ್ಲಿ ಒಂದು ಕಂಡರೂ ನಿಲ್ಲಿಸಿ. ಮೊಂಡು ಚೈನಿನಲ್ಲಿ ನಾವು ಬಲ ಹಾಕ್ತೀವಿ, ಬಲ ಹಾಕಿದಾಗ ಹಿಡಿತ ತಪ್ಪುತ್ತೆ. ಜಯನಗರದಲ್ಲಿ ಆಗಿದ್ದೂ ಇದೇ.

ಅರದ ಅಳತೆ ಚೈನಿನ ಪಿಚ್ ಮೇಲೆ ಇರುತ್ತೆ. ತೋಟದಲ್ಲಿ ಬಳಸೋ ಸಣ್ಣ ಸಾಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ಅರ. ಮಧ್ಯಮ ಸಾಗಳ .325 ಪಿಚ್‌ಗೆ 4.8 ಮಿ.ಮೀ. ದೊಡ್ಡ ಸಾಗಳ 3/8 ಚೈನಿಗೆ 5.2 ಅಥವಾ 5.5 ಮಿ.ಮೀ. ನಿಮ್ಮದು ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಅಂಗಡಿಗೆ ಹೋಗುವಾಗ ಬಾರ್ ಮೇಲಿನ ನಂಬರಿನ ಫೋಟೋ ತೆಗೆದುಕೊಂಡು ಹೋದರೆ ಸಾಕು.

ಮಾಡೋ ರೀತಿ: ಬಾರನ್ನು ವೈಸ್‌ನಲ್ಲಿ ಅಥವಾ ಮರದ ತುಂಡಿನ ಸೀಳಿನಲ್ಲಿ ಅಲ್ಲಾಡದ ಹಾಗೆ ಹಿಡಿಸಿ. ಚೈನ್ ಬ್ರೇಕ್ ಹಾಕಿ. ಎಲ್ಲಕ್ಕಿಂತ ಚಿಕ್ಕದಾಗಿರುವ ಹಲ್ಲಿನಿಂದ ಶುರು ಮಾಡಿ. ಸಾಮಾನ್ಯ ಚೈನಿಗೆ 30 ಡಿಗ್ರಿ ಕೋನ, ಹಲ್ಲಿನ ಮೇಲೇ ಆ ಕೋನದ ಗೆರೆ ಇರುತ್ತೆ. ಅರವನ್ನು ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ತಳ್ಳಿ. ವಾಪಸ್ ಬರುವಾಗ ಎತ್ತಿಬಿಡಿ. ಎರಡು ಮೂರು ಉಜ್ಜು ಸಾಕು. ಎಲ್ಲಾ ಹಲ್ಲಿಗೂ ಎಣಿಸಿ ಅಷ್ಟೇ ಉಜ್ಜು ಕೊಡಿ. ಒಂದು ಕಡೆಯ ಹಲ್ಲುಗಳು ಮುಗಿದ ಮೇಲೆ ಇನ್ನೊಂದು ಕಡೆಯವು. ಎಲ್ಲವೂ ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಸಾ ಓರೆ ಕೊಯ್ಯುತ್ತೆ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗೂನು ಇರುತ್ತೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅನ್ನೋದನ್ನು ಅದು ಹೇಳುತ್ತೆ. ಮೂರು ನಾಲ್ಕು ಸಲ ಹರಿತ ಮಾಡಿದ ಮೇಲೆ ಗೇಜ್ ಇಟ್ಟು ನೋಡಿ. ಸಾಮಾನ್ಯವಾಗಿ 0.65 ಮಿ.ಮೀ. ಅಂತರ ಇರಬೇಕು. ಕಣ್ಣಂದಾಜಿನಲ್ಲಿ ಗೂನನ್ನು ಜಾಸ್ತಿ ಉಜ್ಜಿಬಿಟ್ಟರೆ ಹಲ್ಲು ಆಳಕ್ಕೆ ಕಚ್ಚಿ ಸಾ ಹಾರುತ್ತೆ. "ಸ್ವಲ್ಪ ಜಾಸ್ತಿ ಕಚ್ಚಲಿ" ಅನ್ನೋ ಆಸೆ ಇಲ್ಲಿ ಬೇಡ. ಹಲ್ಲಿನ ಉದ್ದ 4 ಮಿ.ಮೀ.ಗೆ ಬಂದರೆ ಆ ಚೈನಿನ ಆಯಸ್ಸು ಮುಗೀತು.

ಹಂತ 6: ಬಿಗಿ

ಬಾರ್ ನಟ್ಟು ಸಡಿಲ ಮಾಡಿ, ಬಾರ್ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದು ಟೆನ್ಷನ್ ಸ್ಕ್ರೂ ತಿರುಗಿಸಿ. ಚೈನ್ ಬಾರ್‌ನ ಕೆಳಗೆ ಜೋತು ಬೀಳಬಾರದು, ಆದರೆ ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಮೂತಿ ಎತ್ತಿ ಹಿಡಿದುಕೊಂಡೇ ನಟ್ಟು ಬಿಗಿ ಮಾಡಿ. ಹೊಸ ಚೈನ್ ಮೊದಲ ದಿನ ಬೇಗ ಸಡಿಲ ಆಗುತ್ತೆ, ಆಗಾಗ ನೋಡ್ತಾ ಇರಿ. ಬಿಸಿಯಾದಾಗ ಬಿಗಿ ಮಾಡಿದ್ದರೆ, ಕೆಲಸ ಮುಗಿದ ಮೇಲೆ ಮರೆಯದೆ ಸಡಿಲ ಮಾಡಿ. ಚೈನ್ ತಣ್ಣಗಾಗ್ತಾ ಕುಗ್ಗುತ್ತೆ, ಬೇರಿಂಗ್‌ಗೆ ಏಟು.

ಹಂತ 7: ಬ್ರೇಕ್ ಪರೀಕ್ಷೆ, ಆಯಿಲ್ ಪರೀಕ್ಷೆ

ಇದನ್ನು ಮಾತ್ರ ಬಿಡಲೇಬೇಡಿ. ಇಂಜಿನ್ ಆಫ್ ಇದ್ದಾಗ ಬ್ರೇಕ್ ಹಾಕಿ, ಗ್ಲೌಸ್ ಕೈಯಿಂದ ಚೈನ್ ಎಳೆಯಿರಿ. ಅಲ್ಲಾಡಬಾರದು. ಬಿಟ್ಟರೆ ಓಡಬೇಕು. ಆಮೇಲೆ ಎಲ್ಲಾ ಜೋಡಿಸಿ, ಸಾವನ್ನು ಗಟ್ಟಿ ನೆಲದ ಮೇಲಿಟ್ಟು, ಬಾರ್ ಯಾವುದಕ್ಕೂ ತಗುಲದ ಹಾಗೆ ನೋಡಿಕೊಂಡು ಸ್ಟಾರ್ಟ್ ಮಾಡಿ. ಎರಡೂ ಕೈಯಲ್ಲಿ ಹಿಡಿದು, ಬ್ರೇಕ್ ಹಾಕಿದ ಸ್ಥಿತಿಯಲ್ಲಿ ಒಂದೆರಡು ಸೆಕೆಂಡ್ ಮಾತ್ರ ಥ್ರಾಟಲ್ ಕೊಡಿ. ಚೈನ್ ತಿರುಗಬಾರದು. ತಿರುಗಿದರೆ ಅವತ್ತು ಆ ಮಿಷಿನ್‌ನಲ್ಲಿ ಕೆಲಸ ಇಲ್ಲ. ಸೀದಾ ರಿಪೇರಿಗೆ.

ಬ್ರೇಕ್ ಬಿಟ್ಟು, ಥ್ರಾಟಲ್ ಕೊಡದೆ ಸುಮ್ಮನೆ ಓಡುವಾಗಲೂ ಚೈನ್ ನಿಂತೇ ಇರಬೇಕು. ಮೆಲ್ಲಗೆ ತಿರುಗ್ತಿದ್ದರೆ ಐಡಲ್ ಸ್ಪೀಡ್ ಜಾಸ್ತಿ ಇದೆ ಅಥವಾ ಕ್ಲಚ್ ಸ್ಪ್ರಿಂಗ್ ಹೋಗಿದೆ ಅಂತ ಅರ್ಥ.

ಆಯಿಲ್‌ಗೆ: ಬಾರ್ ಮೂತಿಯನ್ನು ಒಂದು ಹಳೇ ರಟ್ಟಿನ ಮೇಲೆ ಒಂದು ಗೇಣು ದೂರದಲ್ಲಿ ಹಿಡಿದು ಅರ್ಧ ಥ್ರಾಟಲ್ ಕೊಡಿ. ರಟ್ಟಿನ ಮೇಲೆ ಆಯಿಲ್‌ನ ಗೆರೆ ಬಿದ್ದರೆ ಸರಿ. ಬೀಳದಿದ್ದರೆ ಹಂತ 2ಕ್ಕೆ ವಾಪಸ್.

ಪೆಟ್ರೋಲ್: ಇಲ್ಲೇ ಹೆಚ್ಚು ಮಿಷಿನ್ ಸಾಯೋದು

ಚೈನ್‌ಸಾ ಇಂಜಿನ್ ಎರಡು ಸ್ಟ್ರೋಕಿನದ್ದು. ಬರೀ ಪೆಟ್ರೋಲ್ ಹಾಕಿದರೆ ಒಳಗೆ ಎಣ್ಣೆಯೇ ಇಲ್ಲದೆ ಪಿಸ್ಟನ್ ಉಜ್ಜಿ ಕಚ್ಚಿಕೊಳ್ಳುತ್ತೆ. 50:1 ಅಂತ ಮ್ಯಾನ್ಯುಯಲ್‌ನಲ್ಲಿ ಇದ್ದರೆ 1 ಲೀಟರ್ ಪೆಟ್ರೋಲ್‌ಗೆ 20 ಎಂಎಲ್ ಆಯಿಲ್. 25:1 ಇದ್ದರೆ 40 ಎಂಎಲ್. ಯಾವುದು ಅನ್ನೋದು ಮಿಷಿನ್ ಮೇಲೂ, ಆಯಿಲ್ ಮೇಲೂ ಇರುತ್ತೆ. ಬಾಟಲ್ ಮುಚ್ಚಳದ ಅಂದಾಜು ಬೇಡ, ಔಷಧಿ ಅಳೆಯೋ ಸಿರಿಂಜ್ ಇಟ್ಟುಕೊಳ್ಳಿ. ಮಿಕ್ಸ್ ಮಾಡಿದ ಕ್ಯಾನ್ ಮೇಲೆ ದಪ್ಪ ಅಕ್ಷರದಲ್ಲಿ "ಸಾ ಪೆಟ್ರೋಲ್" ಅಂತ ಬರೆದು, ದಿನಾಂಕವನ್ನೂ ಹಾಕಿ.

ದಿನಾಂಕ ಯಾಕೆ? ಈಗ ಬಂಕ್‌ಗಳಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತೆ. ಎಥೆನಾಲ್ ಗಾಳಿಯಿಂದ ನೀರನ್ನು ಹೀರುತ್ತೆ. ಜಾಸ್ತಿ ದಿನ ಇಟ್ಟರೆ ನೀರು, ಎಥೆನಾಲ್ ಎರಡೂ ಸೇರಿ ತಳದಲ್ಲಿ ಬೇರೆಯಾಗಿ ಕೂರುತ್ತೆ. ರಬ್ಬರ್ ಪೈಪು, ಕಾರ್ಬೊರೇಟರ್‌ನ ತೆಳು ಪರದೆ ಗಟ್ಟಿಯಾಗುತ್ತೆ. ಅನೇಕ ಸಾಗಳ ಮ್ಯಾನ್ಯುಯಲ್ ಶೇ. 10ಕ್ಕಿಂತ ಜಾಸ್ತಿ ಎಥೆನಾಲ್ ಬೇಡ ಅನ್ನುತ್ತೆ. ಹಾಗಾಗಿ ನಿಮ್ಮ ಮ್ಯಾನ್ಯುಯಲ್ ನೋಡಿ, ಒಂದು ವಾರಕ್ಕೆ ಬೇಕಾದಷ್ಟೇ ಮಿಕ್ಸ್ ಮಾಡಿ. ತಿಂಗಳು ದಾಟಿದ ಮಿಕ್ಸ್ ಅನ್ನು ಸಾಗೆ ಹಾಕಬೇಡಿ. ಒಂದು ತಿಂಗಳಿಗಿಂತ ಹೆಚ್ಚು ಬಳಸಲ್ಲ ಅಂದರೆ ಗಾಳಿಯಾಡೋ ಜಾಗದಲ್ಲಿ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲೋವರೆಗೂ ಓಡಿಸಿ. ಟ್ಯಾಂಕ್ ಒಳಗಿನ ಪೆಟ್ರೋಲ್ ಫಿಲ್ಟರನ್ನು ವರ್ಷಕ್ಕೊಮ್ಮೆ ಬದಲಿಸಿ.

ಬಾರ್ ಆಯಿಲ್: ಸಾವಯವದವರು ಇದನ್ನು ಓದಿ

ತುಂಬಾ ಜನ ಗ್ಯಾರೇಜಿನಿಂದ ಸುಟ್ಟ ಇಂಜಿನ್ ಆಯಿಲ್ ತಂದು ಬಾರ್ ಆಯಿಲ್ ಟ್ಯಾಂಕಿಗೆ ಹಾಕ್ತಾರೆ. "ಹೆಂಗಿದ್ರೂ ಚೆಲ್ಲೋ ಆಯಿಲ್ ತಾನೆ" ಅಂತ. ಹೌದು, ಚೆಲ್ಲೋದೇ. ಎಲ್ಲಿ ಚೆಲ್ಲುತ್ತೆ? ನಿಮ್ಮ ಮಣ್ಣಿನ ಮೇಲೆ. ಸಣ್ಣ ಸಾದಲ್ಲಿ ಒಂದು ಟ್ಯಾಂಕ್ ಅಂದರೆ ಸುಮಾರು 200 ಎಂಎಲ್, ಅಷ್ಟೂ ಹೊಟ್ಟಿನ ಜೊತೆ ನೆಲಕ್ಕೇ ಹೋಗುತ್ತೆ. ಸುಟ್ಟ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತೆ, ಚರ್ಮಕ್ಕೂ ಕೆಟ್ಟದ್ದು, ಕ್ಯಾನ್ಸರ್ ತರೋ ಅಂಶಗಳೂ ಇರುತ್ತವೆ. ಆ ಲೋಹದ ಪುಡಿ ಆಯಿಲ್ ಪಂಪನ್ನೂ ತಿನ್ನುತ್ತೆ. ಜೀವಾಮೃತ ಹಾಕೋ ತೋಟಕ್ಕೆ ಇದನ್ನೂ ಹಾಕೋದು ಯಾವ ನ್ಯಾಯ?

ಮಣ್ಣಲ್ಲಿ ಕರಗೋ ಸಸ್ಯಜನ್ಯ ಬಾರ್ ಆಯಿಲ್ ಸಿಗುತ್ತೆ, ಬೆಲೆ ಸ್ವಲ್ಪ ಜಾಸ್ತಿ. ನಾನು ಈಗ ಅದನ್ನೇ ಬಳಸೋದು. "ಅಡುಗೆ ಎಣ್ಣೆ ಹಾಕಬಹುದಾ?" ಅಂತ ಕೇಳ್ತಾರೆ. ಒಂದು ದಿನದ ಕೆಲಸಕ್ಕೆ ನಡೆಯುತ್ತೆ. ಆದರೆ ಅಡುಗೆ ಮನೆಯ ಎಣ್ಣೆ ಡಬ್ಬದ ಹೊರಗೆ ಅಂಟು ಕಟ್ಟೋದು ನೋಡಿದ್ದೀರಲ್ಲ, ಬಾರ್ ಒಳಗೂ ಹಾಗೇ ಕಟ್ಟುತ್ತೆ. ಸಸ್ಯಜನ್ಯ ಎಣ್ಣೆ ಯಾವುದೇ ಇರಲಿ, ಅದೇ ದಿನ ಕ್ಲೀನ್ ಮಾಡೋ ಅಭ್ಯಾಸ ಇದ್ದವರಿಗೆ ಮಾತ್ರ. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಬಾರ್ ಆಯಿಲ್ ಕೂಡ ತುಂಬಿಸಿ.

ರೋಗದ ಮರದಿಂದ ಒಳ್ಳೆ ಮರಕ್ಕೆ

ಮಾವಿನಲ್ಲಿ ಕೊಂಬೆ ತುದಿಯಿಂದ ಒಣಗುತ್ತಾ ಬರೋ ರೋಗ ಗೊತ್ತಲ್ಲ. ಆ ಶಿಲೀಂಧ್ರ ಒಳಗೆ ಹೋಗೋದು ಗಾಯದ ಮೂಲಕ. ರೋಗದ ಕೊಂಬೆ ಕೊಯ್ದ ಚೈನಿನಲ್ಲೇ ಪಕ್ಕದ ಮರ ಕೊಯ್ದರೆ ನಾವೇ ಇಂಜೆಕ್ಷನ್ ಕೊಟ್ಟ ಹಾಗೆ. ಒಳ್ಳೆ ಮರಗಳನ್ನು ಮೊದಲು ಸವರಿ, ರೋಗದ ಮರವನ್ನು ಕೊನೆಗೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಬದಲಿಸಬೇಕಾದರೆ ಹೊಟ್ಟು ತೆಗೆದು, ಮಿಷಿನ್ ತಣ್ಣಗಾದ ಮೇಲೆ ಬಾರ್, ಚೈನನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಸ್ಟಾರ್ಟ್ ಮಾಡಿ. ದೊಡ್ಡ ಗಾಯಗಳಿಗೆ ಬೋರ್ಡೋ ಪೇಸ್ಟ್ ಹಚ್ಚಿ.

ಸಿಟಿಯಲ್ಲಿ ಕೊಯ್ಯುವ ಮುಂಚೆ

ಸಾರಕ್ಕಿ, ಜರಗನಹಳ್ಳಿ, ಯಡಿಯೂರು, ತಾವರೆಕೆರೆ, ಮಡಿವಾಳ ಇವೆಲ್ಲ ಒಂದು ಕಾಲಕ್ಕೆ ಹೊಲ ಗದ್ದೆ ಇದ್ದ ಹಳ್ಳಿಗಳೇ. ಇವತ್ತೂ ಅಲ್ಲಿನ ಎಷ್ಟೋ ಹುಡುಗರಿಗೆ ಊರ ಕಡೆ ತೋಟ ಇದೆ, ಮನೆಯಲ್ಲಿ ಸಾ ಇದೆ. ಮಳೆ ಬಂದಾಗ ಅಕ್ಕಪಕ್ಕದವರು ಕರೀತಾರೆ. ಹೋಗುವ ಮುಂಚೆ ಎರಡು ಮಾತು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ನಿಮ್ಮದೇ ಜಾಗದ ಮರವಾದರೂ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಫುಟ್‌ಪಾತ್ ಮರ, ರಸ್ತೆ ಮರ ನಿಮ್ಮದಲ್ಲ. ಅದಕ್ಕೆ 1533ಗೆ ಫೋನ್ ಮಾಡಿ. ಕೊಂಬೆ ಕರೆಂಟ್ ತಂತಿ ಮೇಲೆ ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ, ಬೆಸ್ಕಾಂ 1912. ಬಿದ್ದ ಕೊಂಬೆ ಬಿಲ್ಲಿನ ಥರ ಬಾಗಿ ಒತ್ತಡದಲ್ಲಿರುತ್ತೆ, ಕೊಯ್ದ ಕೂಡಲೇ ಚಿಮ್ಮುತ್ತೆ. ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಗ್ಲೌಸ್, ಬೂಟು ಇಲ್ಲದೆ ಸಾ ಮುಟ್ಟಬೇಡಿ. ಬಾರ್‌ನ ಮೂತಿಯ ಮೇಲಿನ ಭಾಗ ಯಾವುದಕ್ಕೂ ತಗುಲಬಾರದು. ಏಣಿ ಮೇಲೆ ನಿಂತು ಕೊಯ್ಯೋದು ಬೇಡವೇ ಬೇಡ.

ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ

ಪ್ರತಿ ಟ್ಯಾಂಕಿಗೆ: ಬಾರ್ ಆಯಿಲ್ ತುಂಬಿಸಿ, ಚೈನ್ ಬಿಗಿ ನೋಡಿ, ಹರಿತ ನೋಡಿ.

ಕೆಲಸ ಶುರು ಮಾಡುವ ಮುಂಚೆ: ಚೈನ್ ಬ್ರೇಕ್, ಥ್ರಾಟಲ್ ಲಾಕ್, ಸ್ಟಾಪ್ ಸ್ವಿಚ್.

ದಿನದ ಕೊನೆಗೆ: ಕವರ್ ಒಳಗಿನ ಹೊಟ್ಟು, ಬ್ರೇಕ್ ಪಟ್ಟಿ, ಬಾರ್ ಗಾಡಿ, ಆಯಿಲ್ ತೂತು, ಏರ್ ಫಿಲ್ಟರ್. ಬಾರ್ ತಿರುಗಿಸಿ ಹಾಕಿ, ಚೈನ್ ಸಡಿಲ ಮಾಡಿ.

ವಾರಕ್ಕೊಮ್ಮೆ: ಗಾಳಿ ಕಿಂಡಿ, ಸಿಲಿಂಡರ್ ರೆಕ್ಕೆ, ಬಾರ್ ಅಂಚಿನ ಏಣು, ಸ್ಟಾರ್ಟರ್ ಹಗ್ಗ.

ತಿಂಗಳಿಗೊಮ್ಮೆ: ಪ್ಲಗ್, ಸ್ಪ್ರಾಕೆಟ್ ಸವೆತ, ಎಲ್ಲಾ ನಟ್ಟು ಬೋಲ್ಟು.

ವರ್ಷಕ್ಕೊಮ್ಮೆ: ಪೆಟ್ರೋಲ್ ಫಿಲ್ಟರ್, ಒಳ್ಳೆ ಮೇಸ್ತ್ರಿ ಹತ್ತಿರ ಬ್ರೇಕ್ ಪಟ್ಟಿ, ಕ್ಲಚ್, ಸೈಲೆನ್ಸರ್ ಚೆಕ್.

ಕೊನೆಯ ಮಾತು

ಚಿಕ್ಕಪ್ಪನ ಮಗನ ಕೈ ಈಗ ಸರಿಯಾಗಿದೆ. ಗಾಯದ ಗುರುತು ಮಾತ್ರ ಇದೆ. ಅವನಿಗೆ ಸಾ ಬಗ್ಗೆ ಭಯ ಹೋಗಲಿ ಅಂತ, ಒಂದು ಭಾನುವಾರ ತೋಟಕ್ಕೆ ಕರೆದುಕೊಂಡು ಹೋಗಿ ಮಿಷಿನ್ ಬಿಚ್ಚಿ ಅವನ ಮುಂದೆ ಹರವಿದೆ. ಒಂದೊಂದೇ ಭಾಗ ತೋರಿಸಿದೆ. ಮೊದಲ ಸಲ ಒಂದು ಗಂಟೆ ಹಿಡಿಯಿತು. ಈಗ ಅವನೇ 15 ನಿಮಿಷದಲ್ಲಿ ಮುಗಿಸ್ತಾನೆ. ನಾನು ಕೆಲಸ ಮುಗಿಸಿ ಸಾವನ್ನು ಮೂಲೆಗೆ ಇಡೋಕೆ ಹೋದರೆ, "ಅಣ್ಣಾ, ಕವರ್ ಬಿಚ್ಚಿದ್ಯಾ?" ಅಂತ ಕೇಳ್ತಾನೆ. ನಾನು ಬಿಚ್ಚಿರ್ತೀನಿ. ಆದರೂ ಅವನು ಬಂದು ಬ್ರೇಕ್ ಗಾರ್ಡನ್ನು ಒಂದು ಸಲ ತಳ್ಳಿ, ಚೈನ್ ಎಳೆದು ನೋಡಿಯೇ ಹೋಗೋದು.

ನೀವೂ ಇವತ್ತು ಸಂಜೆ ನಿಮ್ಮ ಸಾದ ಕವರ್ ಬಿಚ್ಚಿ ನೋಡಿ. ಒಳಗೆ ಗೂಡು ಕಟ್ಟಿದ್ದರೆ ನಾಚಿಕೊಳ್ಳಬೇಡಿ, ಕ್ಲೀನ್ ಮಾಡಿ. ಬೇರೆಯವರ ಕೈಗೆ ಕೊಡುವ ಮುಂಚೆಯಂತೂ ಮಾಡಲೇಬೇಕು.